ಚುಕ್ಕಿ ಇಲ್ಲದ ಬಾವಿ

ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಕೆಂಪು ಇರುತ್ತಿತ್ತು. ಮೊದಲ ಸಲ ಕಂಡಾಗ ಎಲೆಯಡಿಕೆಯ ಕಲೆ ಅಂದುಕೊಂಡಿದ್ದೆ. ಅದು ಬಣ್ಣದ ಪೆನ್ಸಿಲಿನ ಪುಡಿ. ಅಂಗಿಯ ಕಿಸೆಯಲ್ಲಿ ಕೆಂಪು, ನೀಲಿ, ಹಸಿರು ಮೂರು ಪೆನ್ಸಿಲು, ಮೊನೆ ಮೇಲೆ. ಯೋಚನೆ ಮಾಡುತ್ತಾ ತಲೆ ತಗ್ಗಿಸಿದರೆ ಗಲ್ಲಕ್ಕೆ ಚುಚ್ಚುತ್ತಿತ್ತು, ಚುಚ್ಚಿದ ಮೇಲೆ ಒಂದು ಚುಕ್ಕಿ ಅಲ್ಲೂ ಮೂಡುತ್ತಿತ್ತು. ಆ ಹೆಬ್ಬೆರಳೇ ಅವರ ಅಳತೆಗೋಲು. ಅವರ ನಕ್ಷೆಯ ಮೇಲೆ ಅವರ ಉಗುರಿನ ಅಗಲ ಅಂದರೆ ಒಂದು ಕಿಲೋಮೀಟರು. ಬ್ರಹ್ಮಾವರದ ಮೇಲೆ ಉಗುರು ಊರಿ, ಎತ್ತಿ, ಪಕ್ಕದಲ್ಲಿ ಊರಿ, ಕುಂದಾಪುರ ದಾಟಿ ಬೈಂದೂರಿನವರೆಗೆ ಕಂಬಳಿಹುಳ ನಡೆದ ಹಾಗೆ ನಡೆಸಿಕೊಂಡು ಹೋಗುವರು. ಬಾಯಲ್ಲಿ ಲೆಕ್ಕ, ಕಣ್ಣು ಕನ್ನಡಕದ ಮೇಲಿನಿಂದ.

ನಾನು ಅವರನ್ನು ಮೇಷ್ಟ್ರೇ ಅಂತ ಕರೆದದ್ದು. ಹಾಗಂತ ಅವರು ನನಗೆ ಶಾಲೆಯಲ್ಲಿ ಕಲಿಸಿದವರಲ್ಲ. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವ. ಅಪ್ಪನ ಸೊಂಟ ಬಿದ್ದು ಹೋದ ವರ್ಷ ಅವರ ಹಗ್ಗ ನನ್ನ ಕೈಗೆ ಬಂತು. ಅಂದಿನಿಂದ ಬಾವಿ ಕೆಲಸ. ಹೊಸ ಬಾವಿಗೆ ಸಿಮೆಂಟಿನ ರಿಂಗು ಇಳಿಸುವುದು, ಹಳೇ ಬಾವಿಯ ಕೆಸರು ತೆಗೆಯುವುದು, ಕಲ್ಲು ಜಾರಿದ್ದರೆ ಕಟ್ಟುವುದು. ಇದನ್ನು ಹೇಳುವುದಕ್ಕೆ ನನಗೆ ನಾಚಿಕೆಯಿಲ್ಲ. ಹಂಗಾರಕಟ್ಟೆಯ ಅಳಿವೆಯಿಂದ ಬೈಂದೂರಿನ ಆಚೆಯವರೆಗೆ ಸಮುದ್ರದ ಬದಿಯ ಊರುಗಳಲ್ಲಿ ನಾನು ಇಳಿಯದ ಬಾವಿ ಕಡಿಮೆ. ಮೇಷ್ಟ್ರು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಬೀಜಾಡಿಯಲ್ಲಿ ಹೆಂಡತಿಯ ಜೊತೆ ಇದ್ದರು.

ನಮ್ಮ ಕೆಲಸಕ್ಕೆ ಒಂದು ಕಟ್ಟುಪಾಡು ಇದೆ. ಬಾವಿಯ ತಳದಲ್ಲಿ ಏನೇನೋ ಸಿಗುತ್ತದೆ. ಚಮಚ, ಕಾಲುಂಗುರ, ಯಜಮಾನರು ಹೆಂಡತಿಗೆ ಕಾಣದ ಹಾಗೆ ಎಸೆದ ಬಾಟ್ಲಿ. ಒಮ್ಮೆ ಕಲ್ಲು ಕಟ್ಟಿ ಬಿಟ್ಟ ಒಂದು ಫೋಟೋ ಸಿಕ್ಕಿತ್ತು. ಸಿಕ್ಕಿದ್ದನ್ನು ಮನೆಯೊಡತಿಯ ಕೈಗೆ ಕೊಡುವುದು, ಮಾತಾಡದೆ ಕೈಕಾಲು ತೊಳೆದು ಹೊರಡುವುದು. ಎಲ್ಲಕ್ಕಿಂತ ದೊಡ್ಡ ಗುಟ್ಟು ನೀರಿನದು. ಬೇಸಿಗೆಯಲ್ಲಿ ಯಾರ ಬಾವಿ ಉಪ್ಪಾಗುತ್ತದೆ, ಯಾವ ತಿಂಗಳಿಗೆ ಆಗುತ್ತದೆ ಅನ್ನುವುದು ಇಳಿದವನ ನಾಲಿಗೆಗೆ ಗೊತ್ತು. ಪಕ್ಕದ ಮನೆಯವರು ಬೇಲಿಯ ಮೇಲಿನಿಂದ ಕೇಳಿಯೇ ಕೇಳುತ್ತಾರೆ: "ಹ್ವಾಯ್, ಅವ್ರ್ ನೀರ್ ಹ್ಯಾಂಗಿತ್ತ್?" ಅಪ್ಪ ಹೇಳುತ್ತಿದ್ದ ಉತ್ತರವನ್ನೇ ನಾನೂ ಹೇಳುತ್ತಿದ್ದೆ: "ಬಾವಿ ಇತ್ತ್. ನೀರ್ ಇತ್ತ್." ಅಷ್ಟೇ. ಬಾವಿ ಇದೆ, ನೀರು ಇದೆ ಅಂತ. ಅದಕ್ಕಿಂತ ಒಂದು ಅಕ್ಷರ ಹೆಚ್ಚು ಆಡಿದವನನ್ನು ಯಾರೂ ಅಂಗಳಕ್ಕೆ ಕರೆಯುವುದಿಲ್ಲ.

ಮೇಷ್ಟ್ರ ಬಾವಿಗೆ ಇಳಿದದ್ದು ಒಂದು ಮಾರ್ಚ್ ಕೊನೆಗೆ. ಹಗ್ಗ ಹಿಡಿದದ್ದು ನನ್ನ ಹೆಂಡತಿಯ ತಮ್ಮ; ಅವನನ್ನು ನಾನು ಭಾವ ಅಂತಲೇ ಕರೆಯುವುದು. ಇಪ್ಪತ್ತು ವರ್ಷದಿಂದ ನನ್ನ ಜೀವ ಅವನ ಅಂಗೈಯಲ್ಲಿ, ಅವನ ಬಾಯಿ ಮಾತ್ರ ಯಾರ ಹಿಡಿತದಲ್ಲೂ ಇಲ್ಲ. ಕೆಸರು ತೆಗೆದು ಮೇಲೆ ಬಂದಾಗ ಮೇಷ್ಟ್ರ ಹೆಂಡತಿ ಚಾ ತಂದುಕೊಟ್ಟರು. ನಾನು ಅವರನ್ನು ಅಮ್ಮ ಅಂತಲೇ ಕರೆಯುತ್ತಿದ್ದೆ. ಒಂದು ಗುಟುಕು ಕುಡಿದು ಭಾವ ನನ್ನ ಮುಖ ನೋಡಿದ. ಚಾ ಉಪ್ಪುಪ್ಪು. ಮೇಷ್ಟ್ರು ದೊಡ್ಡದಾಗಿ ನಕ್ಕರು.

"ಹೆದ್ರ್‌ಬೇಡಿ. ನಮ್ಮನೆ ಚಾಕ್ಕೆ ಮಾರ್ಚ್ ನಂತ್ರ ಉಪ್ಪ್ ಪುಕ್ಕಟೆ."

ಆಮೇಲೆ ಕಟ್ಟೆಯ ಮೇಲೆ ನನ್ನ ಪಕ್ಕ ಬಂದು ಕೂತು ಕೇಳಿದರು: "ಕೆಳ್ಗ್ ಎಂತ ಕಂಡ್ತ್ ನಿಮ್ಗೆ?"

ಇಷ್ಟು ವರ್ಷದಲ್ಲಿ ಈ ಮಾತು ನನಗೆ ಯಾರೂ ಕೇಳಿರಲಿಲ್ಲ. ಆಯ್ತಾ, ಎಷ್ಟಾಯ್ತು, ಯಾವಾಗ ಹೊರಡುತ್ತೀರಿ, ಇಷ್ಟೇ ಕೇಳುವುದು. ನಾನು ಒದ್ದೆ ಬೆರಳಿನಲ್ಲಿ ಸಿಮೆಂಟಿನ ನೆಲದ ಮೇಲೆ ಬಾವಿಯ ಬಾಯಿ ಬರೆದೆ. ಮೂಡುದಿಕ್ಕಿನ ಒರತೆ ಇಲ್ಲಿ, ಅದು ಸಿಹಿ, ಸಣ್ಣದು. ಸಮುದ್ರದ ಕಡೆಯ ಪಡುದಿಕ್ಕಿನದ್ದು ಇಲ್ಲಿ, ಜೋರು, ಅದು ಉಪ್ಪು. ಮೂಡಿನದು ಬತ್ತುತ್ತಾ ಬಂದ ಹಾಗೆ ಪಡುವಿನದು ನುಗ್ಗುತ್ತದೆ. ಬರೆದದ್ದು ಬಿಸಿಲಿಗೆ ಆರಿ ಹೋಗುವ ಮೊದಲು ಅವರು ಒಳಗೆ ಓಡಿ ಒಂದು ಉದ್ದ ಸುರುಳಿ ತಂದು ಅಲ್ಲೇ ಬಿಚ್ಚಿದರು. ನಾಲ್ಕು ಮೂಲೆಗೆ ನಾಲ್ಕು ಚಾ ಲೋಟ.

"ಇದ್ ನಾನ್ ಮೇಲಿಂದ ಕಂಡದ್ದ್. ನೀವ್ ಕೆಳ್ಗಿಂದ ಕಂಡವ್ರ್. ಎರಡೂ ಸೇರ್‌ಕಲ್ದಾ ಮಾರಾಯ್ರೆ?"

ಆ ಒಂದು ಮಾತಿಗೆ ನಾನು ಬಿದ್ದೆ ಅಂತಲೇ ಹೇಳಬೇಕು.

ಆಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಬೀಜಾಡಿಗೆ ಹೋಗುವುದು ರೂಢಿಯಾಯಿತು. ನಕ್ಷೆಯಲ್ಲಿ ಎತ್ತರ ತೋರಿಸುವ ಗೆರೆ ಹತ್ತಿರ ಹತ್ತಿರ ಇದ್ದರೆ ಗುಡ್ಡ ಕಡಿದು, ದೂರ ದೂರ ಇದ್ದರೆ ಇಳಿಜಾರು ನಿಧಾನ, ಇದನ್ನೆಲ್ಲ ನಾನು ಐವತ್ತು ಹತ್ತಿರ ಬಂದ ಮೇಲೆ ಕಲಿತೆ. ಮೊದಮೊದಲು ದಾರಿ ಹುಡುಕುವುದಕ್ಕೆ ನಕ್ಷೆಯನ್ನು ಉಲ್ಟಾ ಪಲ್ಟಾ ಮಾಡುತ್ತಿದ್ದೆ. ಅವರು ಕೈಮೇಲೆ ಪೆನ್ಸಿಲಿನಲ್ಲಿ ಒಂದು ಹೊಡೆದು, "ನಕ್ಷೆ ತಿರ್ಗ್ಸ್‌ಬೇಡ, ನೀನ್ ತಿರ್ಗ್," ಅನ್ನುವರು. ಅಷ್ಟು ಹೊತ್ತಿಗೆ ನೀವು ಹೋಗಿ ನೀನು ಆಗಿತ್ತು. ನನಗೂ ಅದೇ ಬೇಕಿತ್ತು.

ಅವರ ಇನ್ನೊಂದು ಮಾತು ನಾನು ಸಾಯುವವರೆಗೆ ಮರೆಯುವುದಿಲ್ಲ. "ನಕ್ಷೆಲಿ ಎಂತ ಇತ್ತ್ ಅಂದ್ಹೇಳಿ ಎಲ್ರೂ ಕಾಂತ್ರ್. ಎಂತ ಇಲ್ಲೆ ಅಂದ್ಹೇಳಿ ಕಾಣ್ಕ್." ಅದನ್ನು ತೋರಿಸಿಯೂ ಕೊಡುತ್ತಿದ್ದರು. ಸರ್ಕಾರದ ನಕ್ಷೆಯಲ್ಲಿ ಹೆದ್ದಾರಿ ದಪ್ಪಗೆ ಇದೆ, ಮೀನು ಹೊತ್ತ ಹೆಂಗಸರು ಬಸ್ಸಿಗೆ ಬರುವ ಗದ್ದೆಯಂಚಿನ ದಾರಿ ಇಲ್ಲ. ದೋಣಿ ಕಟ್ಟುವ ಜಾಗ ಬರೀ ದಡ. ಮೇ ತಿಂಗಳಲ್ಲಿ ಕೊಡಪಾನ ಸಾಲಾಗಿ ನಿಲ್ಲುವ ತಿರುವಿಗೆ ಒಂದು ಗುರುತೂ ಇಲ್ಲ.

ಅವರ ತಲೆಯಲ್ಲಿ ಒಂದೇ ಹುಳ. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರು ತಾಲೂಕು ಅಂತ ಕಚೇರಿಯವರು ಹೇಳುವುದು ಸರಿಯಲ್ಲ, ಇದು ಹೆದ್ದಾರಿಗೆ ಪೋಣಿಸಿದ ಒಂದೇ ಪಟ್ಟಣ, ಇದಕ್ಕೆ ಹೆಸರು ಇಟ್ಟಿಲ್ಲ ಅಷ್ಟೇ ಅಂತ. ಒಂದು ಕಾಲೇಜಿನ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಮನೆಮನೆ ಸರ್ವೆ ಶುರುಮಾಡಿದರು. ಆಸ್ಪತ್ರೆಗೆ ಎಲ್ಲಿಗೆ ಹೋಗುತ್ತೀರಿ, ದುಡಿಯಲು ಎಲ್ಲಿಗೆ, ಮಕ್ಕಳ ಶಾಲೆ ಎಲ್ಲಿ, ಕುಡಿಯುವ ನೀರು ಎಲ್ಲಿಂದ. ಪ್ರತಿ ಉತ್ತರಕ್ಕೂ ಆ ಮನೆಯಿಂದ ಆ ಜಾಗಕ್ಕೆ ಒಂದು ಗೆರೆ. ಗೆರೆಗಳು ತುಂಬಿದ ಮೇಲೆ ಹಾಳೆ ಬಲೆಯ ಹಾಗೆ ಕಂಡಿತು. ತಾಲೂಕಿನ ಗಡಿ ಆ ಬಲೆಯೊಳಗೆ ಎಲ್ಲಿ ಅಂತ ಹುಡುಕಬೇಕಾಯಿತು. ತ್ರಾಸಿಯ ಮನೆಯ ಜ್ವರ ಕುಂದಾಪುರಕ್ಕೆ ಹೋಗುತ್ತದೆ, ಅದೇ ಮನೆಯ ಮೀನು ಬೈಂದೂರಿಗೆ, ಆ ಮನೆಗೆ ಬರುವ ಸೊಸೆ ಬ್ರಹ್ಮಾವರದ ಕಡೆಯಿಂದ. ನನಗೆ ಗೊತ್ತಿದ್ದದ್ದೇ ಇದೆಲ್ಲ. ಆದರೆ ಗೊತ್ತಿದ್ದದ್ದನ್ನು ಕಣ್ಣಾರೆ ಕಂಡಾಗ ಆಗುವ ಸಂತೋಷವೇ ಬೇರೆ.

ಅವರ ಹಳೇ ಸ್ಕೂಟರಿನ ಹಿಂದೆ ನಾನು, ನನ್ನ ಹೆಗಲಿಗೆ ನಕ್ಷೆಯ ಕೊಳವೆ. ಕಾಲೇಜಿನ ಮಕ್ಕಳು ಯಾವುದಾದರೂ ಓಣಿ ತಿಳಿಯದೆ ನಿಂತರೆ, "ಅವ್ರನ್ ಕೇಳಿ, ಅವ್ರ್ ನಮ್ ಹಿರಿಯ ಸರ್ವೆಯರ್," ಅಂತ ನನ್ನ ಕಡೆ ಕೈ ತೋರಿಸುವರು. ಮನೆಗೆ ಬಂದು ಹೆಂಡತಿಗೆ ಅದನ್ನು ಎರಡೆರಡು ಸಲ ಹೇಳಿದ್ದೇನೆ.

ಭಾವನಿಗೆ ಇದು ಹಿಡಿಸಲಿಲ್ಲ. "ಬಾವಿಗ್ ಇಳ್ದ್ರೆ ನಾನ್ ಎಳ್ದ್ ಮೇಲ್ ಹಾಕ್ತೆ. ನೀವ್ ಕಾಗ್ದದೊಳ್ಗೆ ಇಳೀತಿದ್ರಿ. ಅಲ್ಲಿಂದ ಎಳುಕೆ ನನ್ ಹತ್ರ ಹಗ್ಗ ಇಲ್ಲೆ," ಅಂದ.

ಒಂದನ್ನು ಮಾತ್ರ ನಾನು ಕೊಟ್ಟಿರಲಿಲ್ಲ. ಬಾವಿಗಳ ರುಚಿ. ಸರ್ವೆಯ ಮಕ್ಕಳು ನೀರು ಹೇಗಿದೆ ಅಂತ ಕೇಳಿದರೆ ಪ್ರತಿ ಮನೆಯವರೂ ಒಳ್ಳೇದಿದೆ ಅಂತಲೇ ಬರೆಸುವುದು. ನಿಜ ಗೊತ್ತಿದ್ದದ್ದು ನನಗೆ. ಮೇಷ್ಟ್ರು ಮೂರು ಸಲ ಕೇಳಿದರು, ಮೂರು ಸಲವೂ ಆಗುವುದಿಲ್ಲ ಅಂದೆ. ನಾಲ್ಕನೇ ಸಲ ಕೇಳಲಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಸ್ಕೂಟರಿನಲ್ಲಿ ಹಂಗಾರಕಟ್ಟೆಗೆ ಕರೆದುಕೊಂಡು ಹೋದರು. ಟ್ಯಾಂಕರು ಬಂದಿರಲಿಲ್ಲ. ಕೊಡಗಳು ಸಾಲಾಗಿ ಕೂತಿದ್ದವು, ಹೆಂಗಸರು ನೆರಳು ಹುಡುಕಿಕೊಂಡು ಗೋಡೆಗೆ ಒರಗಿದ್ದರು. ಒಬ್ಬಳು ತುಂಬಿದ ಬಸುರಿ, ಕೊಡದ ಮೇಲೇ ಕೂತಿದ್ದಳು. ಮೇಷ್ಟ್ರು ಚೀಲದಿಂದ ಪಂಚಾಯತಿನ ಪುಸ್ತಕದ ಜೆರಾಕ್ಸ್ ತೆಗೆದು ನನ್ನ ಕೈಗಿಟ್ಟರು.

"ಓದ್. ಈ ಊರಿಗೆ ಟ್ಯಾಂಕಿ ಎಂತಕೆ ಕಟ್ಲಿಲ್ಲೆ ಅಂದ್ರೆ, ಇಲ್ಲಿ ಕಾಣ್. ಬಾವಿ ಇತ್ತ್. ನೀರ್ ಇತ್ತ್. ನಿನ್ ಮಾತೇ ಮಾರಾಯ. ಅವ್ರೂ ಹಾಂಗೇ ಬರ್ದಿರ್."

ನಾನು ಜೆರಾಕ್ಸನ್ನು ಮಡಚಿ ಅವರ ಕೈಗೆ ವಾಪಸು ಕೊಟ್ಟೆ.

"ಮನೆ ಯಾವ್ದ್ ಅಂದ್ಹೇಳಿ ಗೊತ್ತಾಪುಕಾಗ ಮೇಷ್ಟ್ರೇ," ಅಂತ ಕೊನೆಗೆ ಷರತ್ತು ಹಾಕಿದೆ.

"ಚುಕ್ಕಿ ನಮ್ ಹಾಳೆಲಿ ಮಾತ್ರ. ಹೊರ್ಗ್ ಹೋಪ ನಕ್ಷೆಲಿ ಊರಿಗ್ ಊರೇ ಒಂದ್ ಬಣ್ಣ. ನನ್ ಮೇಲ್ ನಂಬ್ಕೆ ಇಲ್ಯಾ?"

ನಂಬಿಕೆ ಇತ್ತು. ಎರಡು ತಿಂಗಳು ಕೂತು ಹೇಳಿದೆ. ಉಪ್ಪಾಗುವುದಕ್ಕೆ ಕೆಂಪು, ಆಗದ್ದಕ್ಕೆ ನೀಲಿ, ನಡುವಿನದ್ದಕ್ಕೆ ಹಸಿರು. ಕೆಲವು ಮನೆಗಳಿಗೆ ನಾನೇ ಹೋಗಿ ಒಪ್ಪಿಗೆ ಕೇಳಿದೆ. ಗುರುತಿದ್ದವರಲ್ಲಿ ಕೇಳದೆ ಕೊಡುವುದು ನನ್ನಿಂದಾಗಲಿಲ್ಲ. ತ್ರಾಸಿಯಲ್ಲಿ ಒಬ್ಬರು ಅಕ್ಕ ಇದ್ದಾರೆ, ಮೀನು ಮಾರಿ ಮಗನನ್ನು ಸಾಕಿದವರು. ಗಂಡ ಸತ್ತು ಬಹಳ ವರ್ಷವಾಯಿತು. ಮಗ ಬೋಟಿಗೆ ಹೋಗುತ್ತಾನೆ. ಅವರ ಬಾವಿ ಫೆಬ್ರವರಿಗೇ ಕೆಡುತ್ತದೆ, ನಮ್ಮ ಕಡೆ ಅದಕ್ಕಿಂತ ಬೇಗ ಕೆಡುವ ಬಾವಿ ನಾನು ಕಂಡಿಲ್ಲ.

"ಬೇಡ ಮಗಾ," ಅಂದರು ಅಕ್ಕ. "ಮಗನಿಗ್ ಹೆಣ್ಣ್ ಕಾಂತಿದ್ದೆ. ನೀರಿಲ್ದ್ ಮನಿಗೆ ಯಾರ್ ಹೆಣ್ಣ್ ಕೊಡ್ತ್ರ್?"

"ಹೆಸ್ರ್ ಇರುದಿಲ್ಲೆ ಅಕ್ಕಾ. ಒಂದ್ ಚುಕ್ಕಿ ಅಷ್ಟೇ. ಅದೂ ಒಳ್ಗಿನ ಹಾಳೆಲಿ."

"ಚುಕ್ಕಿಗ್ ಕಣ್ಣಿಲ್ಯಾ? ಅದ್ ಕಂಡ್‌ಕಂಡ್ ನಮ್ಮನಿಗೆ ಬಪ್ಪುದಿಲ್ಯಾ?" ನಕ್ಕರು. ಆಮೇಲೆ ನನ್ನ ಮುಖವನ್ನೇ ನೋಡಿ, "ನೀನ್ ಹೇಳ್ತೆ ಅಂದ್ರೆ ಆಯ್ತ್ ಮಾರಾಯ," ಅಂದರು.

ಜನವರಿ ಹೊತ್ತಿಗೆ ನಕ್ಷೆ ತಯಾರಾಗಿ ಕುಂದಾಪುರದ ಒಂದು ಸಭಾಂಗಣದಲ್ಲಿ ಬಿಡುಗಡೆಯಾಯಿತು. ನಾನು ಇಸ್ತ್ರಿ ಹಾಕಿದ ಬಿಳಿ ಅಂಗಿ ಹಾಕಿಕೊಂಡು, ಹೆಂಡತಿಯನ್ನೂ ಭಾವನನ್ನೂ ಕರೆದುಕೊಂಡು ಎರಡನೇ ಸಾಲಿನಲ್ಲಿ ಕೂತಿದ್ದೆ. ಗೋಡೆಯಷ್ಟು ದೊಡ್ಡ ನಕ್ಷೆ. ಮೇಷ್ಟ್ರು ಹೇಳಿದ ಹಾಗೇ ಊರಿಗೆ ಊರೇ ಬಣ್ಣ, ಚುಕ್ಕಿ ಒಂದೂ ಇಲ್ಲ. ನನ್ನ ಎದೆ ತಣ್ಣಗಾಯಿತು. ಮೇಷ್ಟ್ರು ಚೆನ್ನಾಗಿ ಮಾತಾಡಿದರು. ಕಾಲೇಜಿನವರನ್ನು, ಮಕ್ಕಳನ್ನು, ಅಧಿಕಾರಿಗಳನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ನೆನೆದರು. ಬಾವಿಯ ವಿಷಯ ಬಂದಾಗ "ಸ್ಥಳೀಯರ ಸಹಕಾರದಿಂದ" ಅಂದರು. ಹೆಂಡತಿ ನನ್ನ ಕಡೆ ತಿರುಗಿದಳು. "ಅದ್ ನಾನೇ," ಅಂತ ಪಿಸುಗುಟ್ಟಿದೆ.

"ಸ್ಥಳೀಯರೇ, ಊಟಕ್ಕಾರೂ ಹೆಸ್ರ್ ಹಿಡ್ದ್ ಕರೀತ್ರಾ ಕಾಂಬ," ಅಂದ ಭಾವ.

ಹದಿನೈದು ದಿನ ಕಳೆದಿರಬೇಕು. ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಭಾವ ತಮಾಷೆ ಮಾಡಲಿಲ್ಲ. ಫೋನು ನನ್ನ ಕೈಗೆ ಕೊಟ್ಟ. ಕಾಲೇಜಿನವರು ನಕ್ಷೆಯನ್ನು ಫೋನಿಗೂ ಬಿಟ್ಟಿದ್ದರು. ಮೊದಲು ಕಂಡದ್ದು ಅದೇ ಬಣ್ಣದ ಊರುಗಳು. ಭಾವ ಎರಡು ಬೆರಳಿಟ್ಟು ಹಿಗ್ಗಿಸಿದ. ಬಣ್ಣ ಒಡೆದು ಚುಕ್ಕಿಗಳಾಯಿತು. ಇನ್ನೂ ಹಿಗ್ಗಿಸಿದ. ಆಕಾಶದಿಂದ ತೆಗೆದ ಚಿತ್ರದ ಮೇಲೆ, ಹಂಚಿನ ಮಾಡಿನ ಪಕ್ಕದಲ್ಲಿ, ಬಾವಿಕಟ್ಟೆಯ ಮೇಲೆ ಸರಿಯಾಗಿ ಕೂತಿದ್ದವು. ಅಷ್ಟು ಸರಿಯಾಗಿ ಕೂರಿಸಿದ್ದು ನಾನೇ. ಸರ್ವೆಯ ದಿನಗಳಲ್ಲಿ ಪ್ರತಿ ಬಾವಿಯ ಬಳಿ ನಿಂತು, ಕಾಲೇಜಿನವರು ಕೊಟ್ಟಿದ್ದ ಜಾಗ ಗುರುತಿಸುವ ಯಂತ್ರದ ಗುಂಡಿ ಒತ್ತಿದವ ನಾನೇ. ತ್ರಾಸಿಯ ಅಕ್ಕನ ಅಂಗಳದಲ್ಲಿ ಒಣಹಾಕಿದ ಬಟ್ಟೆಯೂ ಕಾಣುತ್ತಿತ್ತು, ಅದರ ಪಕ್ಕದಲ್ಲಿ ಕೆಂಪು ಚುಕ್ಕಿ. ಬೆರಳು ತಾಗಿಸಿದರೆ ಬರಹ ಏಳುತ್ತಿತ್ತು: ಉಪ್ಪು, ಫೆಬ್ರವರಿಯಿಂದ.

ಅಕ್ಕನ ಮಗನಿಗೆ ಬ್ರಹ್ಮಾವರದ ಕಡೆಯ ಹೆಣ್ಣು ಗೊತ್ತಾಗಿತ್ತು. ಹೆಣ್ಣಿನವರು ಡಿಸೆಂಬರಿನಲ್ಲಿ ಬಂದು ಮನೆ ನೋಡಿ, ಬಾವಿಯ ನೀರು ಕುಡಿದು ಒಪ್ಪಿ ಹೋಗಿದ್ದರು. ಡಿಸೆಂಬರಿನಲ್ಲಿ ಎಲ್ಲರ ಬಾವಿಯೂ ಸಿಹಿ. ನಮ್ಮ ಕಡೆ ಮನೆ ತೋರಿಸುವುದು ಆ ತಿಂಗಳುಗಳಲ್ಲೇ, ತೋರಿಸುವವರಿಗೂ ಗೊತ್ತು, ನೋಡುವವರಿಗೂ ಅರ್ಧ ಗೊತ್ತು. ಈಗ ಹೆಣ್ಣಿನ ಸೋದರಮಾವ ಫೋನು ಹಿಡಿದುಕೊಂಡು ಬಂದು ಅಂಗಳದಲ್ಲೇ ನಿಂತು ಹೇಳಿದರಂತೆ: "ನಮ್ ಹೆಣ್ಣ್ ನಿಮ್ಮನಿಗೆ ಕೊಡ ಹೊರುಕೆ ಬಪ್ಪುದಲ್ಲ." ಮಾತು ಮುರಿಯಿತು.

ಅಕ್ಕ ಮುಚ್ಚಿಟ್ಟದ್ದು ಸರಿಯೋ ಅಂತ ಯಾರಾದರೂ ಕೇಳಬಹುದು. ನಾನು ಕೇಳುವುದಿಲ್ಲ. ಅದನ್ನು ಆ ಹೆಣ್ಣಿಗೆ ಹೇಳಬೇಕಾದದ್ದು ಆ ಮನೆಯವರು, ಅವರಿಗೆ ಬೇಕಾದ ಹೊತ್ತಿನಲ್ಲಿ, ಅವರ ಬಾಯಿಂದ. ನನ್ನ ಬಾಯಿಂದಲ್ಲ.

ಆ ದಿನವೇ ಬೀಜಾಡಿಗೆ ಹೋದೆ. ಮೇಷ್ಟ್ರು ಜಗಲಿಯಲ್ಲಿದ್ದರು. ಅವರಿಗೆ ಸುದ್ದಿ ಮುಟ್ಟಿತ್ತು ಅಂತ ಮುಖ ನೋಡಿದರೇ ಗೊತ್ತಾಯಿತು.

"ಚುಕ್ಕಿ ಹೊರ್ಗ್ ಹೋತಿಲ್ಲೆ ಅಂದ್ರಿ," ಅಂದೆ.

"ಮಕ್ಳ್ ಪೂರ್ತಿ ಫೈಲ್ ಹಾಕ್ಬಿಟ್ರ್ ಮಾರಾಯ. ನಾನ್ ಕಂಡದ್ದ್ ಕಡೆಗೆ. ಹೆಸ್ರ್ ಅಂತೂ ಹಾಕ್ಲಿಲ್ಲೆ."

"ಮನೆ ಹಂಚಿನ್ ಮಾಡೇ ಕಾಣ್ತ್ ಮೇಷ್ಟ್ರೇ. ಹೆಸ್ರ್ ಎಂತಕೆ?"

"ತೆಗಿ ಅಂದ್ಹೇಳಿದ್ದೆ. ತೆಗೀತ್ರ್." ಆಮೇಲೆ ಮೆಲ್ಲಗೆ ಹೇಳಿದರು: "ಆದ್ರೆ ಒಂದ್ ಮಾತ್. ಈ ಚುಕ್ಕಿ ಕಂಡದ್ದಕ್ಕೇ ಅಧಿಕಾರಿಗಳ್ ಈಗ ಪೈಪಿನ್ ಮಾತ್ ಆಡ್ತಿದ್ರ್. ಒಂದ್ ಮನೆ ಮದಿ ನಿಂತಿತ್ ಹೌದ್. ಎಷ್ಟ್ ಮನಿಗ್ ನೀರ್ ಬತ್ತ್, ಅದ್ನೂ ಕಾಣ್."

ಕಾಣು ಅಂದರಲ್ಲ, ಕಂಡೆ. ಅವರ ಪಕ್ಕದಲ್ಲೇ ಒಳಗಿನ ಹಾಳೆ, ಮನೆಮನೆ ಕಾಣುವಷ್ಟು ದೊಡ್ಡದಾಗಿ ಬರೆದು ನಾವಿಬ್ಬರೂ ಕೂತು ಚುಕ್ಕಿ ಇಟ್ಟ ಹಾಳೆ, ಬಿಚ್ಚಿಕೊಂಡಿತ್ತು. ಅವರೇ ಕಲಿಸಿದ ಹಾಗೆ ನಕ್ಷೆ ತಿರುಗಿಸದೆ ನಾನೇ ತಿರುಗಿ ಕೂತೆ. ಅವರೇ ಕಲಿಸಿದ ಹಾಗೆ ಇರುವುದನ್ನು ಬಿಟ್ಟು ಇಲ್ಲದ್ದನ್ನು ಹುಡುಕಿದೆ. ಕೋಟೇಶ್ವರದ ಮೇಲೆ ಉಗುರು ಊರಿ ಪಡುವಿಗೆ ನಡೆಸಿದೆ. ಬೀಜಾಡಿಯ ಓಣಿಯಲ್ಲಿ ಎಡಗಡೆ ಕೆಂಪು, ಬಲಗಡೆ ಕೆಂಪು, ಎದುರಿಗೆ ಕೆಂಪು. ನಡುವೆ ಒಂದು ತೆಂಗಿನ ಹಿತ್ತಲು, ಒಂದು ಮನೆ, ಬಿಳಿ. ಆ ಚುಕ್ಕಿಯನ್ನು ನಾನು ಮೊದಲ ದಿನವೇ ಹೇಳಿ ಇಡಿಸಿದ್ದೆ. ರಬ್ಬರಿನಿಂದ ಉಜ್ಜಿದ ಕಡೆ ಕಾಗದದ ಮೇಲ್ಮೈ ಎದ್ದಿತ್ತು.

"ನಿಮ್ ಬಾವಿ ಎಲ್ಲಿ ಮೇಷ್ಟ್ರೇ?"

ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಮತ್ತೆ ಒರೆಸಿದರು. ಒಳಗೆ ಅಮ್ಮನ ಕೆಮ್ಮು ಕೇಳುತ್ತಿತ್ತು.

"ಅವ್ಳಿಗೆ ವಾರಕ್ಕೆ ಎರಡ್ ಸಲ ಡಯಾಲಿಸಿಸ್ ಆಯ್ಕ್ ಅಂದ್ರ್. ಕುಂದಾಪುರದಲ್ಲೇ ಒಂದ್ ಮನೆ ಮಾಡ್ಕ್. ಇದನ್ ಮಾರ್‌ದ್ರೆ ಮಾತ್ರ ಆಪುದು." ನನ್ನ ಕಡೆ ನೋಡದೆ ಹೇಳಿದರು. "ಕೆಂಪ್ ಚುಕ್ಕಿ ಇದ್ರೆ ಯಾರ್ ತಕಂತ್ರ್ ಹೇಳ್?"

ಅಂದರೆ ಚುಕ್ಕಿ ಹೊರಗೆ ಹೋಗಬಹುದು ಅಂತ ಅವರಿಗೆ ಮೊದಲೇ ಅನುಮಾನ ಇತ್ತು. ಇಲ್ಲದಿದ್ದರೆ ಒಳಗಿನ ಹಾಳೆಯಲ್ಲಿ ಉಜ್ಜುವ ಅಗತ್ಯ ಏನಿತ್ತು? ತಮ್ಮ ಮನೆಯೊಂದನ್ನು ಬಿಳಿಯಾಗಿ ಉಳಿಸಿಕೊಂಡು, ಅಕ್ಕನ ಅಂಗಳವನ್ನು ಅದರ ಪಾಡಿಗೆ ಬಿಟ್ಟರು. ಬೈದಿದ್ದರೆ ಹಗುರಾಗುತ್ತಿತ್ತೋ ಏನೋ. ಹಾಳೆಯನ್ನು ಸುತ್ತಿ ಅವರ ಪಕ್ಕಕ್ಕೆ ಇಟ್ಟೆ. ಅಮ್ಮ ಒಳಗಿನಿಂದ, "ಯಾರ್ ಬಂದದ್ದ್? ಚಾ ಮಾಡ್ಲಾ?" ಅಂತ ಕೇಳಿದರು. "ಬ್ಯಾಡ ಅಮ್ಮಾ, ಹೊರಟೆ," ಅಂತ ಎದ್ದೆ. ಮೇಷ್ಟ್ರು ಗೇಟಿನವರೆಗೆ ಬಂದರು. ಅವರು ಬದುಕಿರುವವರೆಗೆ ಮತ್ತೆ ಆ ಅಂಗಳಕ್ಕೆ ನಾನು ಕಾಲಿಡಲಿಲ್ಲ.

ಅದರ ನಂತರದ ಬೇಸಿಗೆಯನ್ನು ಹೇಗೆ ಹೇಳಲಿ. ಏಪ್ರಿಲ್ ಬಂದರೆ ನನಗೆ ಮೈ ಕೆರೆಯುವುದಕ್ಕೂ ಪುರುಸೊತ್ತಿಲ್ಲದ ಕೆಲಸ. ಆ ವರ್ಷ ಹಗ್ಗ ಗೂಟದಲ್ಲೇ ನೇತಾಡಿತು. ಗೇಟಿನ ಹತ್ತಿರ ಹೋದರೆ, "ಬ್ಯಾಡ, ನಮ್ ಬಾವಿ ನಾವೇ ಕಾಂತೊ," ಅನ್ನುವರು. ಒಬ್ಬರು ಯಜಮಾನರು, ನಾನು ಹುಡುಗನಾಗಿದ್ದಾಗಿನಿಂದ ಕಂಡವರು, ಕಟ್ಟೆಯ ಮೇಲೆ ಕೂತೇ ಹೇಳಿದರು: "ನೀನ್ ಬಂದ್ರೆ ಹಿಂದಿಂದ ಪೇಪರಿನವ್ರೂ ಬತ್ರಾ?" ಮೂವತ್ತು ವರ್ಷಕ್ಕೂ ಮೇಲೆ ಯಾರ ಮನೆಯ ಮಾತನ್ನೂ ಆಡದೆ ಗಳಿಸಿದ ಹೆಸರು. ನಾನು ಮನೆಯಲ್ಲಿ ಕೂರುವ ಜಾತಿಯವನಲ್ಲ. ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವಲ್ಲಿ ಹಲಗೆ ಹೊತ್ತೆ. ಭಾವ ನನ್ನ ಜೊತೆಗೇ ಬಂದು ಹೊತ್ತ. ಕಾಗದದ ಮಾತನ್ನು ಅವನು ಮತ್ತೆ ಎತ್ತಲಿಲ್ಲ, ಅವನ ಮಟ್ಟಿಗೆ ಅದು ದೊಡ್ಡ ತ್ಯಾಗ.

ಒಂದನ್ನು ಮುಚ್ಚಿಟ್ಟರೆ ನಾನೂ ರಬ್ಬರು ಹಿಡಿದ ಹಾಗೆ. ಪೈಪು ಬಂತು. ಮೇಷ್ಟ್ರು ಹೇಳಿದ್ದು ಸುಳ್ಳಾಗಲಿಲ್ಲ. ಹಂಗಾರಕಟ್ಟೆಯ ತಿರುವಿನಲ್ಲಿ ಈಗ ಕೊಡಗಳ ಸಾಲಿಲ್ಲ. ತ್ರಾಸಿಯ ಅಕ್ಕನ ಅಂಗಳದಲ್ಲೂ ನಲ್ಲಿ ಇದೆ. ಅವರ ಎದುರು ನಿಲ್ಲಲು ನನಗೆ ಒಂದೂವರೆ ವರ್ಷ ಬೇಕಾಯಿತು. ಹೋದಾಗ ನಲ್ಲಿಗೆ ಕೊಡ ಹಿಡಿದಿದ್ದರು. ಬೈಯಲಿಲ್ಲ. ಕೊಡ ತುಂಬಿತು.

"ನೀರ್ ಬಂತ್ ಮಗಾ," ಅಂದರು ನಲ್ಲಿ ತಿರುಪುತ್ತಾ. "ಅವ್ಳ್ ಬರ್ಲಿಲ್ಲೆ."

ಆ ಹೆಣ್ಣಿಗೆ ಬೇರೆ ಕಡೆ ಮದುವೆಯಾಗಿ ಹೋಗಿತ್ತು.

ಮೇಷ್ಟ್ರು ತೀರಿಹೋದದ್ದು ಕಳೆದ ಮಳೆಗಾಲದಲ್ಲಿ, ಕುಂದಾಪುರದ ಬಾಡಿಗೆ ಮನೆಯಲ್ಲಿ. ಕಾಯಿಲೆ ಅಮ್ಮನಿಗೆ, ಹೋದದ್ದು ಇವರು. ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಚಪ್ಪಲಿ ಹಾಕುತ್ತಿದ್ದವರು ಅಲ್ಲೇ ಕುಸಿದರಂತೆ. ನಾನು ಹೋದೆ. ಮಲಗಿಸಿದ್ದರು. ಬಲಗೈ ಹೊರಗಿತ್ತು. ಉಗುರು ಸ್ವಚ್ಛವಾಗಿತ್ತು, ಕೆಂಪು ಇರಲಿಲ್ಲ. ಅದನ್ನು ನೋಡಿ ನನಗೆ ಅಳು ಬಂತು, ಸಿಟ್ಟೂ ಬಂತು. ಯಾವುದು ಮೊದಲು ಬಂತು ಅಂತ ಹೇಳಲಾರೆ.

ಈ ಜನವರಿಯಲ್ಲಿ ಅಮ್ಮ ಫೋನು ಮಾಡಿದರು. ಬೀಜಾಡಿಯ ಮನೆ ಇನ್ನೂ ಮಾರಿ ಹೋಗಿರಲಿಲ್ಲ. ನೋಡಲು ಒಬ್ಬರು ಬರುತ್ತಾರೆ, ಬಾವಿ ಒಮ್ಮೆ ತೊಳೆಸಬೇಕು. "ಆ ಬಾವಿಗೆ ನೀನಲ್ದೆ ಬೇರೆಯವ್ರ್ ಇಳೀಕಾಗ ಅಂದ್ಹೇಳ್ತಿದ್ರ್," ಅಂದರು. ಜನವರಿ ಬಾವಿ ತೊಳೆಯುವ ತಿಂಗಳಲ್ಲ, ನೀರು ಮೇಲೇ ಇರುತ್ತದೆ. ಎಂತಕೆ ಈಗ ಅಂತ ನಾನು ಕೇಳಲಿಲ್ಲ. ಪಂಪು ಇಟ್ಟು ನೀರು ತಗ್ಗಿಸಿ ಇಳಿದೆ. ಕೆಳಗೆ ಹೋಗಿ ಮೂಡಿನ ಒರತೆಯ ನೀರು ಅಂಗೈಯಲ್ಲಿ ಹಿಡಿದು ಕುಡಿದೆ, ಪಡುವಿನದ್ದನ್ನೂ ಕುಡಿದೆ. ಎರಡೂ ಎಳನೀರಿನ ಹಾಗಿದ್ದವು.

ಮೇಲೆ ಬಂದಾಗ, ಕುಂದಾಪುರದಿಂದ ಬಂದಿದ್ದ ಅಮ್ಮ ಒಳಗಿನ ಹಾಳೆಯ ಆ ಸುರುಳಿಯನ್ನೂ ಪೆನ್ಸಿಲಿನ ಡಬ್ಬಿಯನ್ನೂ ಕಟ್ಟೆಯ ಮೇಲೆ ಇಟ್ಟಿದ್ದರು. "ನಿಂಗ್ ಕೊಡ್ಕ್ ಅಂದಿದ್ರ್." ಅದೇ ಸಿಮೆಂಟಿನ ನೆಲದ ಮೇಲೆ ಬಿಚ್ಚಿದೆ. ಎಲ್ಲಕ್ಕಿಂತ ಮೊದಲು ಕೋಟೇಶ್ವರದಿಂದ ಪಡುವಿಗೆ ಉಗುರು ನಡೆಸಿದೆ. ಸಾಯುವ ಮೊದಲು ಇಟ್ಟಿರಬಹುದು ಅಂತ ಒಂದು ಆಸೆ. ಇಟ್ಟಿರಲಿಲ್ಲ. ಬಿಳಿಯೇ ಇತ್ತು. ಆದರೆ ಕೆಳಗಿನ ಮೂಲೆಯ ಖಾಲಿ ಜಾಗದಲ್ಲಿ, ನಾನು ಆಗ ಕಂಡಿರದ ಬರಹ ಇತ್ತು. ಬಾವಿಗಳ ಸರ್ವೆ ಅಂತ ಬರೆದು, ಅದರ ಮುಂದೆ ನನ್ನ ಹೆಸರು, ಒಬ್ಬನದ್ದೇ. ಕೆಂಪು ಪೆನ್ಸಿಲಿನಲ್ಲಿ. ಯಾರೂ ನೋಡದ ಹಾಳೆಯಲ್ಲಿ.

ನಾನು ಕೆಂಪು ಪೆನ್ಸಿಲು ತೆಗೆದುಕೊಂಡು ಆ ಬಿಳಿಯ ಮೇಲೆ ಹಿಡಿದೆ. ಅಷ್ಟರಲ್ಲಿ ಗೇಟು ಸದ್ದಾಯಿತು. ಮನೆ ನೋಡಲು ಬಂದವರು, ಗಂಡ ಹೆಂಡತಿ. ಗಂಡ ಮನೆಯ ಮಾಡು, ಗೋಡೆ, ತೆಂಗು ನೋಡುತ್ತಾ ಹಿಂದಕ್ಕೆ ಹೋದರು. ಹೆಂಡತಿ ನೇರವಾಗಿ ಬಾವಿಯ ಹತ್ತಿರ ಬಂದು ಬಗ್ಗಿ ನೋಡಿ, ಒದ್ದೆ ಮೈಯಲ್ಲಿ ಕೂತಿದ್ದ ನನ್ನನ್ನು ಕೇಳಿದರು:

"ಅಣ್ಣಾ, ನೀವೇ ಅಲ್ದಾ ಇಳ್ದದ್ದ್? ನೀರ್ ಹ್ಯಾಂಗಿತ್ತ್?"

ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಕೈಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಊದಿದ ನರ ನನಗೆ ಇಲ್ಲಿಂದಲೇ ಕಾಣುತ್ತಿತ್ತು. ಹಗ್ಗ ಸುತ್ತುತ್ತಿದ್ದ ಭಾವ ಕೈ ನಿಲ್ಲಿಸಿದ. ನಾನು ಪೆನ್ಸಿಲನ್ನು ಡಬ್ಬಿಗೆ ಹಾಕಿದೆ. ಆ ಚುಕ್ಕಿ ಇಡಬೇಕಾದ ಕೈ ನನ್ನದಲ್ಲ.

"ಬಾವಿ ಇತ್ತ್. ನೀರ್ ಇತ್ತ್," ಅಂದೆ.

ಅಪ್ಪನಾಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದರು. ನನಗೆ ತ್ರಾಸಿಯ ನಲ್ಲಿಯ ಮುಂದೆ ಕೊಡ ಹಿಡಿದ ಅಕ್ಕನೂ ಹಂಗಾರಕಟ್ಟೆಯಲ್ಲಿ ಕೊಡದ ಮೇಲೆ ಕೂತಿದ್ದ ಬಸುರಿಯೂ ಒಟ್ಟಿಗೇ ಕಣ್ಣ ಮುಂದೆ ಬಂದರು. ಸುರುಳಿ ಸುತ್ತಿಕೊಂಡು ಎದ್ದೆ.

"ಮನೆ ತಕಂಬುಕ್ ಮುಂಚೆ ಏಪ್ರಿಲಲ್ಲ್ ಒಂದ್ ಸಲ ಬನಿ ತಂಗೀ. ನಿಮ್ ಬಾಯಲ್ಲೇ ಒಂದ್ ಲೋಟ ಕುಡ್ದ್ ಕಾಣಿ."

ಆ ಹೆಂಗಸು ನನ್ನನ್ನು ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಬಾವಿಯನ್ನು ನೋಡಿದರು. ಅಮ್ಮ ಒಳಗೆ ಹೋದರು. ಇನ್ನು ಹೊರಗೆ ಬರುವುದಿಲ್ಲ ಅಂದುಕೊಂಡೆ. ಬಂದರು, ನಾಲ್ಕು ಲೋಟ ಚಾ ತಂದರು. ಎಲ್ಲರಿಗೂ ಕೊಟ್ಟು ಕೊನೆಗೆ ನನಗೆ ಕೊಟ್ಟರು, ಮುಖ ನೋಡಲಿಲ್ಲ. ಮೇಷ್ಟ್ರು ಕೂರುತ್ತಿದ್ದ ಕಡೆಯೇ ಕೂತು ಕುಡಿದೆ. ಉಪ್ಪಿರಲಿಲ್ಲ. ಜನವರಿ ಅಲ್ಲವೇ.